ಆಶ್ರಯವೂ ಹಾಡೂ

ದಿಕ್ಕಿಲ್ಲದ ಹೆಣ್ಣುಮಗುವಿಗೆ ಅನ್ನವಿಡುವುದು ಪುಣ್ಯಕಾರ್ಯವೆಂಬುದರಲ್ಲಿ ಯಾವ ಮತದವರಿಗೂ ಸಂದೇಹವಿಲ್ಲ. ಅವಳನ್ನು ಮನೆಯೊಳಕ್ಕೆ ಕರೆದು, ಉಡಲು ಬಟ್ಟೆ ಕೊಟ್ಟು, ಅಕ್ಷರ ತಿದ್ದಿಸಿ, ಬಾಯಿಗೊಂದು ಹಾಡನ್ನೂ ಕಲಿಸಿದವನನ್ನು ಲೋಕವು ದಾನಿಯೆಂದೇ ಕರೆಯುತ್ತದೆ. ಆದರೆ ಈ ದಾನಗಳೆಲ್ಲ ಒಂದೇ ಜಾತಿಯವಲ್ಲ. ಉಂಡ ಅನ್ನ ಅರಗಿಹೋಗುತ್ತದೆ; ಉಟ್ಟ ಬಟ್ಟೆ ಹರಿದುಹೋಗುತ್ತದೆ. ಹಾಡು ಹಾಗಲ್ಲ, ಅದು ನಾಲಗೆಯಿಂದ ಮನಸ್ಸಿಗೆ ಇಳಿದು ಅಲ್ಲಿಯೇ ಮನೆಮಾಡಿಕೊಳ್ಳುತ್ತದೆ. ಅಳುವಾಗ ಯಾರನ್ನು ಕರೆಯಬೇಕು, ನಗುವಾಗ ಯಾರನ್ನು ನೆನೆಯಬೇಕು ಎಂಬುದನ್ನು ಹಾಡೇ ಕಲಿಸುತ್ತದೆ. ಹೀಗಿರಲು ಒಂದು ಪ್ರಶ್ನೆ ಏಳುತ್ತದೆ: ಆಶ್ರಯ ಕೊಟ್ಟವನಿಗೆ ಆಶ್ರಿತಳ ಕಂಠದ ಮೇಲೂ ಹಕ್ಕುಂಟೆ? ಅನ್ನದ ಋಣವನ್ನು ಹಾಡಿನಿಂದ ತೀರಿಸೆಂದು ಕೇಳುವುದು ಧರ್ಮವೆ?

ಇದು ಪಂಡಿತರು ಕಾಲಕ್ಷೇಪಕ್ಕಾಗಿ ಎತ್ತುವ ಪ್ರಶ್ನೆಯಲ್ಲ. ಸಂತಾಲ, ಮುಂಡಾ, ಓರಾಂವ್, ಖಾಸಿ, ಮಿಜೋ ಮೊದಲಾದ ಗಿರಿಜನರ ನಡುವೆ ಕ್ರೈಸ್ತ ಮಿಶನ್ನಿನವರು ನೂರು ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಕೆಲಸಮಾಡಿದ್ದಾರೆ. ಅವರು ಹೋದೆಡೆಯಲ್ಲೆಲ್ಲ ಶಾಲೆ, ಔಷಧಾಲಯಗಳೊಡನೆ ಹಾಡಿನ ಪುಸ್ತಕವೂ ಹೋಯಿತು. ಇಂದು ಝಾರ್ಖಂಡ, ಛತ್ತೀಸಗಢ, ಒಡಿಶಾಗಳ ಕಾಡಿನ ಹಳ್ಳಿಗಳಿಂದ ಎಳೆಯ ಹುಡುಗಿಯರನ್ನು ದಲ್ಲಾಳಿಗಳು ಮನೆಗೆಲಸಕ್ಕೆಂದು ದಿಲ್ಲಿಯಂತಹ ನಗರಗಳಿಗೆ ಸಾಗಿಸುತ್ತಾರೆಂಬುದು ಸರ್ವವಿದಿತ. ಅಂತಹ ಅಪಾಯದ ಬಾಯಿಯಲ್ಲಿರುವ ಹುಡುಗಿಯರಿಗೆ ಮಿಶನ್ನಿನವರು ವಸತಿಗಳನ್ನು ನಡೆಸಿ, ಗಿಟಾರು, ಮೇಳಗಾನ, ಧ್ವನಿಮುದ್ರಣ, ಚಲಚ್ಚಿತ್ರಗಳನ್ನು ಕಲಿಸುವುದೂ ಉಂಟು. ಇದನ್ನು ಕಂಡು ಕೆಲವರು ಕೈಮುಗಿಯುತ್ತಾರೆ. ಕೆಲವರು ಗಾಳಕ್ಕೆ ಸಿಕ್ಕಿಸಿದ ಹುಳುವೆನ್ನುತ್ತಾರೆ. ಎರಡು ಕಡೆಯವರೂ ಆ ಹುಡುಗಿಯನ್ನು ಕೇಳುವುದಿಲ್ಲ.

ಸುಮ್ಮನೆ ತರ್ಕದಿಂದ ತರ್ಕಕ್ಕೆ ಹಾರುವುದಕ್ಕಿಂತ ಒಂದು ನಾಡಿನ ಚರಿತ್ರೆಯನ್ನು ಹಿಡಿದು ನೋಡುವುದು ಲೇಸು. ಈಗ ಮಿಜೋರಾಮವೆನಿಸಿರುವ ಲುಶಾಯಿ ಬೆಟ್ಟಗಳಿಗೆ 1894ರ ಜನವರಿಯಲ್ಲಿ ಲೊರೇನ್ ಮತ್ತು ಸ್ಯಾವಿಡ್ಜ್ ಎಂಬ ಇಬ್ಬರು ಆಂಗ್ಲ ಮಿಶನರಿಗಳು ಬಂದರು. ಬರಹವಿಲ್ಲದ ಆ ಭಾಷೆಗೆ ರೋಮನ್ ಲಿಪಿಯನ್ನು ಅಳವಡಿಸಿ, ಅದರ ವ್ಯಾಕರಣವನ್ನೂ ಕೋಶವನ್ನೂ 1898ರಲ್ಲಿ ಹೊರತಂದರು. 1897ರಿಂದ ವೇಲ್ಸ್ ದೇಶದ ಮಿಶನ್ನಿನವರು ಐಜಾಲಿನಲ್ಲಿ ಕೆಲಸ ಹಿಡಿದರು. 1903ರಲ್ಲಿ ಮರಳಿ ಬಂದ ಮೊದಲಿನಿಬ್ಬರು ದಕ್ಷಿಣದ ಲುಂಗ್ಲೇಯ ಕಡೆ, ಸೆರ್ಕಾನ್ ಎಂಬಲ್ಲಿ ನೆಲೆನಿಂತರು. ಹೀಗೆ ಬಂದವರ ಕಣ್ಣಿಗೆ ಅಲ್ಲಿ ಒಂದು ವಿಚಿತ್ರವಾದ ಪದ್ಧತಿ ಬಿತ್ತು. ಅದರ ಹೆಸರು ಬೋಯಿ.

ಬೋಯಿಯೆಂದರೆ ಊರೊಡೆಯನ ಆಶ್ರಿತ. ಗಂಡ ಸತ್ತ ಹೆಂಗಸು, ತಂದೆತಾಯಿಗಳಿಲ್ಲದ ಮಗು, ಬರದಲ್ಲಿ ಕಾಳಿಲ್ಲದಾದ ಸಂಸಾರ, ಇಂಥವರು ಒಡೆಯನ ದೊಡ್ಡ ಮನೆಯನ್ನು ಹೊಕ್ಕರೆ ಅವನು ಅವರನ್ನು ಸಾಕುತ್ತಿದ್ದನು. ಹೊಕ್ಕವರು ಅವನ ಗದ್ದೆಯಲ್ಲಿ ದುಡಿಯಬೇಕು. ಅವನಿಗೆ ನೀರು ಸೌದೆ ಹೊರಬೇಕು. ಬಿಟ್ಟುಹೋಗಬೇಕೆಂದರೆ ನಲವತ್ತು ರೂಪಾಯಿಯನ್ನೋ ಒಂದು ಮಿಥುನವನ್ನೋ, ಎಂದರೆ ಆ ಬೆಟ್ಟದ ಎತ್ತನ್ನೋ, ತೆತ್ತು ಬಿಡುಗಡೆ ಪಡೆಯಬೇಕು. ಬೋಯಿಯ ಮಗಳಿಗೆ ಮದುವೆಯಾದರೆ ಅವಳ ಕನ್ಯಾಶುಲ್ಕ ಒಡೆಯನದು. ಕೈಯಲ್ಲಿ ಕಾಸಿಲ್ಲದೆ ಹೊಕ್ಕವಳು ನಲವತ್ತು ರೂಪಾಯಿಯನ್ನು ಎಲ್ಲಿಂದ ತಂದಾಳು? ಹೊಗಲು ಬಾಗಿಲು ತೆರೆದಿತ್ತು, ಹೊರಡಲು ತೆರೆದಿರಲಿಲ್ಲ.

ಆಗಿನ ಬ್ರಿಟಿಷ್ ಅಧಿಕಾರಿಗಳು ಇದನ್ನು ದಾಸ್ಯವೆನ್ನಲು ಒಪ್ಪಲಿಲ್ಲ. ಇದು ಆ ಜನರ ಅನಾಥರಕ್ಷಣೆಯ ಪದ್ಧತಿ, ಇದನ್ನು ಕಿತ್ತರೆ ಬಡವರು ಬೀದಿಪಾಲಾಗುತ್ತಾರೆ, ಎಂಬುದು ಅವರ ವಾದ. ಆ ವಾದದಲ್ಲಿ ಸತ್ಯದ ಅಂಶವಿಲ್ಲದಿರಲಿಲ್ಲ. ಹೊಟ್ಟೆಗಿಲ್ಲದ ಮಗುವಿಗೆ ಒಡೆಯನ ಮನೆ ನಿಜವಾಗಿಯೂ ಆಸರೆಯೇ. 1908ರಲ್ಲಿ ವೇಲ್ಸ್ ಮಿಶನ್ನಿನ ವೈದ್ಯನಾಗಿ ಬಂದ ಪೀಟರ್ ಫ್ರೇಸರನು ಇದಕ್ಕೆ ತಲೆಬಾಗಲಿಲ್ಲ. ಆಸರೆಯೆಂಬ ಹೆಸರಿದ್ದ ಮಾತ್ರಕ್ಕೆ ದಾಸ್ಯವು ದಾಸ್ಯವಾಗದೆ ಹೋಗುವುದಿಲ್ಲವೆಂದು ಅವನು ಪಟ್ಟುಹಿಡಿದನು. ಸರಕಾರ ಮುನಿಯಿತು, ಅವನ ಸ್ವಂತ ಮಿಶನ್ನಿನ ಹಿರಿಯರೂ ಸರಕಾರದೊಡನೆ ಕಲಹ ಬೇಡವೆಂದು ಬಗೆದರು, 1912ರ ವೇಳೆಗೆ ಅವನು ಆ ಬೆಟ್ಟಗಳನ್ನು ಬಿಡಬೇಕಾಯಿತು. ಬೋಯಿ ಪದ್ಧತಿ ಮುಂದೆ ಕ್ರಮೇಣ ಅಳಿಯಿತು. 1954ರ ಕಾನೂನಿನಿಂದ ಒಡೆತನವೇ ಕೊನೆಗಂಡಿತು.

ಫ್ರೇಸರನ ಕಥೆ ಮಿಶನ್ನಿನ ಕೀರ್ತಿಯ ಕಥೆಯೆಂದು ಕೆಲವರು ಹೇಳುವುದುಂಟು. ಆದರೆ ಅದರಿಂದ ಹೊರಡುವ ತತ್ತ್ವವು ಇಬ್ಬಾಯಿಯ ಕತ್ತಿ. ಆಶ್ರಯವು ಯಾವಾಗ ಬಂಧನವಾಗುತ್ತದೆ? ಕೊಡುವವನು ಕ್ರೂರನಾದಾಗಲೇ ಅಲ್ಲ; ಸಾಕಿದ ಒಡೆಯರಲ್ಲಿ ಕರುಣೆಯುಳ್ಳವರೂ ಇದ್ದಿರಬೇಕು. ಪಡೆದವಳು ಹಿಂದಿರುಗಿಸಲಾರದುದನ್ನು ಬೆಲೆಯಾಗಿ ಕಟ್ಟಿದಾಗ ಅದು ಬಂಧನವಾಗುತ್ತದೆ. ಈ ಸೂತ್ರವನ್ನು ಒಪ್ಪಿದ ಮೇಲೆ ಅದನ್ನು ಒಡೆಯನ ಮನೆಯ ಬಾಗಿಲಿನಲ್ಲಿ ಮಾತ್ರ ಹಿಡಿದು, ಮಿಶನ್ನಿನ ವಸತಿಯ ಬಾಗಿಲಿನಲ್ಲಿ ಮಡಿಸಿಡುವುದು ನ್ಯಾಯವಲ್ಲ. ಒಡೆಯನು ದುಡಿಮೆಯನ್ನು ಕೇಳಿದನು. ಮಿಶನ್ ಕೇಳಿದುದೇನು? ಪ್ರಾರ್ಥನೆಯನ್ನೆ? ಹಾಡನ್ನೆ? ಕೇಳಿದ್ದರೆ, ಕೊಡದವಳ ಗತಿಯೇನು?

ಸೆರ್ಕಾನಿನಲ್ಲಿ ಎಡಿತ್ ಚ್ಯಾಪ್ಮನ್ ಮತ್ತು ಮಾರ್ಜರಿ ಕ್ಲಾರ್ಕ್ ಎಂಬ ಇಬ್ಬರು ಮಹಿಳೆಯರು ಮೊದಲನೆಯ ಮಹಾಯುದ್ಧದ ನಂತರದ ವರ್ಷಗಳಿಂದ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದರು. ಬೆಳಗಿನಿಂದ ನೀರು, ಸೌದೆ, ಬೆಟ್ಟದ ಬೇಸಾಯಗಳಲ್ಲಿ ಬೆನ್ನು ಬಾಗಿದ ಹುಡುಗಿಗೆ ಓದೇಕೆ ಎಂದು ಮನೆಯವರೇ ಕೇಳುತ್ತಿದ್ದ ಕಾಲ ಅದು. ಹಾಡು ಆ ಶಾಲೆಗಳಲ್ಲಿ ಬರಿಯ ಅಲಂಕಾರವಾಗಿರಲಿಲ್ಲ. ವೇಲ್ಸಿನವರು ತಮ್ಮೊಡನೆ ಟಾನಿಕ್ ಸಾಲ್-ಫಾ ಎಂಬ ಸ್ವರಲಿಪಿಯನ್ನು ತಂದಿದ್ದರು. ನಾರಿಚ್ ನಗರದ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿ ಇದನ್ನು ಮೊದಲು ಕಲ್ಪಿಸಿದಳು. ಜಾನ್ ಕರ್ವೆನ್ ಎಂಬ ಪಾದ್ರಿ 1840ರ ದಶಕದಿಂದ ತಿದ್ದಿ ಹರಡಿದನು. ಐದು ಗೆರೆಗಳ ಕಷ್ಟದ ಸ್ವರಪತ್ರ ಇದಕ್ಕೆ ಬೇಕಿಲ್ಲ. ಸಾಮಾನ್ಯ ಅಚ್ಚಿನ ಅಕ್ಷರಗಳೇ ಸ್ವರಗಳಾಗುತ್ತವೆ. ಸರಿಗಮಪದನಿ ಕೇಳಿ ಬೆಳೆದ ಕನ್ನಡದ ಮನೆಗಳಿಗೆ ಇದರ ಮರ್ಮ ಕೂಡಲೇ ತಿಳಿದೀತು: ನಮ್ಮ ಆಧಾರಷಡ್ಜದಂತೆ ಅಲ್ಲಿಯ ‘ಡೋ’ ಸಹ ಹಾಡುವವರ ಶ್ರುತಿಗೆ ತಕ್ಕಂತೆ ಸರಿಯುತ್ತದೆ. ಬಡವರ ಮಕ್ಕಳಿಗೆ ಅಗ್ಗವಾಗಿ ಸಂಗೀತ ಕಲಿಸಲೆಂದು ಹುಟ್ಟಿದ ಈ ಉಪಾಯ ಬೆಟ್ಟದ ಹಳ್ಳಿಗಳಲ್ಲಿ ಬೇರುಬಿಟ್ಟಿತು. ಇದುವರೆಗೆ ಇದು ಶುದ್ಧವಾದ ವಿದ್ಯಾದಾನ.

ಆದರೆ ಅದೇ ಬೆಟ್ಟಗಳಲ್ಲಿ ಒಂದು ವಾದ್ಯ ಮೌನವಾಯಿತು. ಖ್ವಾಂಗ್ ಎಂಬ ಮಿಜೋ ಡೋಲು ಹಳೆಯ ಹಬ್ಬಗಳಿಗೂ ಅಕ್ಕಿಯ ಮದ್ಯಕ್ಕೂ ಜೊತೆಗಾರನಾಗಿತ್ತು. ಹೊಸ ಮತದ ಮೊದಲ ವರ್ಷಗಳಲ್ಲಿ ಡೋಲಿಗೆ ಪ್ರಾರ್ಥನಾಮಂದಿರದೊಳಗೆ ಎಡೆಯಿರಲಿಲ್ಲ. ಹಳೆಯ ಹಾಡುಗಳಿಗೂ ಇರಲಿಲ್ಲ. ಇದನ್ನು ಹೊರಗಿನವರ ಆಜ್ಞೆಯೆಂದು ಮಾತ್ರ ಹೇಳಿದರೆ ತಪ್ಪಾದೀತು. ಹೊಸದಾಗಿ ಮತ ಹಿಡಿದ ಮಿಜೋಗಳೇ ಹಳೆಯ ಬಾಳಿನ ಗುರುತೆಂದು ಅದನ್ನು ದೂರವಿಟ್ಟರು. ಆದರೂ ಹೊಸ ಹಾಡು ಮನಸ್ಸಿನ ಮೇಲ್ಪದರದಲ್ಲಿಯೇ ಇತ್ತು. ನಾಲ್ಕೈದು ಸ್ವರಗಳಲ್ಲಿ ತೂಗುತ್ತಿದ್ದ ಕಂಠಗಳಿಗೆ ವೇಲ್ಸಿನ ಏಳು ಸ್ವರಗಳ ನೇರವಾದ ಮೆಟ್ಟಿಲು ಪರರ ಮನೆಯ ಮೆಟ್ಟಿಲಿನಂತಿತ್ತು.

1919ರ ಸುಮಾರಿಗೆ ಆ ಬೆಟ್ಟಗಳಲ್ಲಿ ಭಕ್ತಿಯ ಒಂದು ದೊಡ್ಡ ಅಲೆಯೆದ್ದಿತು. ಆಗ ಜನ ಮನೆಮನೆಗಳಲ್ಲಿ ಗುಂಪುಗೂಡಿ ರಾತ್ರಿಯೆಲ್ಲ ಹಾಡತೊಡಗಿದರು. ಡೋಲು ಮರಳಿ ಬಂದಿತು. ಮಿಜೋ ಕವಿಗಳು ತಮ್ಮ ಕಾವ್ಯದ ಹಳೆಯ ನುಡಿಗಟ್ಟುಗಳಲ್ಲಿಯೇ ಹೊಸ ಹಾಡುಗಳನ್ನು ಕಟ್ಟಿದರು. ರಾಗ ನಿಧಾನವಾಗಿ, ಇಳಿಜಾರಾಗಿ, ವಿರಹದ ಭಾರದಿಂದ ಹರಿಯಿತು. ಲೆಂಗ್‌ಖೋಮ್ ಎಂದು ಅದಕ್ಕೆ ಹೆಸರು. ಅದು ವೇಲ್ಸಿನದೂ ಅಲ್ಲ, ಹಿಂದಿನದೂ ಅಲ್ಲ. ಅದನ್ನು ಯಾವ ಮಿಶನರಿಯೂ ಯೋಜಿಸಿರಲಿಲ್ಲ. ಸತ್ತವರ ಮನೆಯಲ್ಲಿ ಇಂದಿಗೂ ಮಿಜೋಗಳು ಕೂಡಿ ಹಾಡುವುದು ಅದನ್ನೇ.

ಇಲ್ಲಿ ಪ್ರಶ್ನೆಗೆ ಅರ್ಧ ಉತ್ತರ ದೊರೆಯುತ್ತದೆ. ಕೊಟ್ಟದ್ದು ಕೊಟ್ಟಂತೆಯೇ ಇರಬೇಕೆಂದು ಕೊಟ್ಟವನು ಕಾವಲು ಕುಳಿತಿರುವವರೆಗೆ ಅದು ದಾನವಲ್ಲ, ಎರವಲು. ಪಡೆದವಳು ಅದನ್ನು ಮುರಿದು ಕಟ್ಟಿ, ತನ್ನ ಅಜ್ಜಿಯ ಡೋಲಿಗೆ ಹೊಂದಿಸಿಕೊಂಡ ದಿನ ಅದು ಅವಳದಾಗುತ್ತದೆ. ಸೆರ್ಕಾನಿನ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ನುಛುಂಗಿ ರೆಂತ್‌ಲೇಯಿಯವರು, 1914ರಲ್ಲಿ ಹುಟ್ಟಿದವರು, ಮಿಜೋ ಭಾಷೆಯ ಕವಯಿತ್ರಿಯೂ ಗಾಯಕಿಯೂ ಆಗಿ ಹೆಸರಾದರು. 1986ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಇತ್ತಿತು. ಹಾಡು ಕಲಿಯುವವಳಾಗಿ ನಿಲ್ಲದೆ ಹಾಡು ಕಟ್ಟುವವಳಾಗುವುದೇ ಅಂತಹ ಶಾಲೆಯ ಸಾರ್ಥಕತೆ.

ಈಗ ಪೂರ್ವಪಕ್ಷದವರ ಮಾತನ್ನು ಕೇಳಬೇಕು. ಅವರು ಹೇಳುವುದೇನೆಂದರೆ: ಹಸಿದವಳ ಮುಂದೆ ಅನ್ನವನ್ನೂ ಮತವನ್ನೂ ಒಂದೇ ಎಲೆಯ ಮೇಲೆ ಬಡಿಸಿದರೆ ಅವಳು ಆರಿಸಿಕೊಳ್ಳಲಾರಳು; ಆದುದರಿಂದ ಅಲ್ಲಿ ಒಪ್ಪಿಗೆಯೆಂಬುದೇ ಇಲ್ಲ. ಈ ಆಕ್ಷೇಪ ಹಗುರಾದುದಲ್ಲ. ಒಡಿಶಾ 1967ರಲ್ಲಿಯೂ ಮಧ್ಯಪ್ರದೇಶ 1968ರಲ್ಲಿಯೂ ಬಲಾತ್ಕಾರ, ಆಮಿಷ, ವಂಚನೆಗಳ ಮತಾಂತರವನ್ನು ತಡೆಯುವ ಕಾನೂನುಗಳನ್ನು ಮಾಡಿದವು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮತಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಗೊಳಿಸುವ ಹಕ್ಕು ಅಡಗಿಲ್ಲವೆಂದು ತೀರ್ಪಿತ್ತು ಆ ಕಾನೂನುಗಳನ್ನು ಎತ್ತಿಹಿಡಿಯಿತು. ಇದಕ್ಕೂ ಸೂಕ್ಷ್ಮವಾದ ಮಾತು ಸಂವಿಧಾನದ 28ನೆಯ ಅನುಚ್ಛೇದದಲ್ಲಿದೆ. ಸರಕಾರದ ಮನ್ನಣೆಯನ್ನೋ ಧನಸಹಾಯವನ್ನೋ ಪಡೆದ ವಿದ್ಯಾಸಂಸ್ಥೆಯಲ್ಲಿ ಓದುವವರನ್ನು, ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತವಯಸ್ಕರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಮತಬೋಧೆಗೂ ಪೂಜೆಗೂ ಕಡ್ಡಾಯಪಡಿಸಕೂಡದೆಂದು ಅದು ವಿಧಿಸುತ್ತದೆ. ಕಾನೂನು ಇಷ್ಟನ್ನು ಹೇಳಬಲ್ಲದು. ಆದರೆ ಪೋಷಕರೇ ಇಲ್ಲದ ಮಗುವಿಗೆ, ಆಶ್ರಯವಿತ್ತವರೇ ಪೋಷಕರಾದ ಮಗುವಿಗೆ, ಒಪ್ಪಿಗೆ ಕೊಡುವವರು ಯಾರು? ಅಲ್ಲಿ ಕಾನೂನಿನ ದೀಪ ಮಂಕಾಗಿ ಧರ್ಮಬುದ್ಧಿಯ ದೀಪವೊಂದೇ ಉಳಿಯುತ್ತದೆ.

ಇದಕ್ಕೆ ಭಕ್ತರ ಉತ್ತರವೂ ಉಂಟು. ‘ಈ ಮಗುವಿಗಾಗಿ ಮನೆಮಠ ಬಿಟ್ಟು ಬಂದದ್ದೇ ನಮ್ಮ ದೇವರ ಪ್ರೀತಿಯಿಂದ. ಆ ಪ್ರೀತಿಯನ್ನು ಬಚ್ಚಿಟ್ಟು ಅನ್ನವನ್ನು ಮಾತ್ರ ಕೊಡೆಂದರೆ ಬಾವಿಯನ್ನು ಮುಚ್ಚಿ ನೀರನ್ನು ಹಂಚೆಂದಂತೆ’ ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿಯೂ ಪ್ರಾಮಾಣಿಕತೆಯಿದೆ. ತಾನು ನಂಬಿದುದನ್ನು ಮುಚ್ಚಿಡುವವನು ಮಗುವಿಗೆ ಕಪಟವನ್ನು ಕಲಿಸಿದಂತಾಗುತ್ತದೆ. ಆದರೆ ಹೇಳುವುದು ಬೇರೆ, ಬೆಲೆಯಾಗಿ ಕೇಳುವುದು ಬೇರೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಪ್ರತ್ಯುಪಕಾರ ಮಾಡಲಾರದವನಿಗೆ ಕೊಟ್ಟದ್ದನ್ನೇ ಸಾತ್ತ್ವಿಕ ದಾನವೆಂದು ಕರೆದು, ಫಲವನ್ನು ಬಯಸಿ ಕೊಟ್ಟದ್ದನ್ನು ಕೆಳಗಿನ ಮೆಟ್ಟಿಲಿಗಿಳಿಸುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಯೇಸುವಿನ ಬೋಧೆಯೂ ಅದೇ ಅಳತೆಗೋಲು. ಎರಡು ಶಾಸ್ತ್ರಗಳೂ ಒಂದೇ ಮಾತನ್ನು ಹೇಳುವಾಗ ಕ್ರೈಸ್ತ ಸೇವಕನು ಪರರ ತಕ್ಕಡಿಯಲ್ಲಿ ತೂಗಲ್ಪಟ್ಟೆನೆಂದು ದೂರುವ ಕಾರಣವಿಲ್ಲ.

ಮೂರನೆಯ ವಾದವೊಂದುಂಟು: ಗಿರಿಜನರನ್ನು ಯಾರೂ ಮುಟ್ಟದೆ ಅವರ ಪಾಡಿಗೆ ಬಿಡಿರಿ ಎಂಬುದು. ವೆರಿಯರ್ ಎಲ್ವಿನ್ನನು 1927ರಲ್ಲಿ ಕ್ರೈಸ್ತ ಸೇವಕನಾಗಿಯೇ ಭಾರತಕ್ಕೆ ಬಂದವನು. 1932ರಲ್ಲಿ ಗೊಂಡರ ನಡುವೆ ಗುಡಿಸಿಲು ಕಟ್ಟಿದನು. ಕೆಲವು ವರ್ಷಗಳಲ್ಲಿ ತನ್ನ ಚರ್ಚನ್ನು ಬಿಟ್ಟು, ಶಾಮರಾವ್ ಹಿವಾಳೆಯವರೊಡನೆ ಆ ಜನರ ಹಾಡುಗಳನ್ನು ಕೂಡಿಸುವವನಾದನು. ಸುಧಾರಕರ ಕೈಸೋಕಿದೆಡೆಯಲ್ಲಿ ಕುಣಿತ ನಿಂತು ಬಾಳು ಬಣ್ಣಗೆಡುವುದೆಂಬುದು ಅವನ ಅಳಲು. ಆ ಅಳಲು ನಿಜ. ಆದರೆ ಕಾಡು ಈಗ ಮುಟ್ಟದೆ ಉಳಿದಿಲ್ಲ. ದಲ್ಲಾಳಿ ಮುಟ್ಟಿದ್ದಾನೆ, ಗಣಿ ಮುಟ್ಟಿದೆ, ಸಾಲ ಮುಟ್ಟಿದೆ. ಇವರೆಲ್ಲ ಹೋಗಬಹುದಾದ ಹಾದಿಯಲ್ಲಿ ಉಪಕಾರಿ ಮಾತ್ರ ಹೋಗಕೂಡದೆಂದರೆ ಹುಡುಗಿ ಉಳಿಯುವುದು ದಲ್ಲಾಳಿಯ ಕೈಯಲ್ಲಿ.

ಇನ್ನು ಮುದ್ರಣ, ಧ್ವನಿ, ಚಿತ್ರಗಳ ವಿಷಯ. ಇಲ್ಲಿ ಅಪಾಯ ಹೆಚ್ಚು ನಯವಾದುದು. ಹಾಡುವ ಹುಡುಗಿಯ ಚಿತ್ರ ದೂರದ ದಾನಿಗಳ ಮನಸ್ಸನ್ನು ಕರಗಿಸುತ್ತದೆ. ಅವಳ ಹಿಂದಿನ ದುಃಖವನ್ನು ಜೊತೆಗಿಟ್ಟರೆ ಇನ್ನೂ ಬೇಗ ಕರಗಿಸುತ್ತದೆ. ಆ ಹಣದಿಂದ ಹತ್ತು ಮಕ್ಕಳು ಉಣ್ಣುವುದು ನಿಜ. ಆದರೆ ತನ್ನ ಅವಮಾನದ ಕಥೆಯನ್ನು ಮಾರಿ ಇತರರಿಗೆ ಅನ್ನ ತರುವ ಭಾರವನ್ನು ಹನ್ನೆರಡು ವರ್ಷದ ಮಗುವಿನ ಹೆಗಲಿಗೆ ಯಾರು ಹೊರಿಸಿದರು? 2015ರ ಬಾಲನ್ಯಾಯ ಕಾನೂನಿನ 74ನೆಯ ಪ್ರಕರಣವು ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರಗಳನ್ನು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಮಗುವಿನ ಹಿತಕ್ಕೆಂದು ತಕ್ಕ ಸಮಿತಿಯೇ ಬರೆದು ಅನುಮತಿ ಕೊಟ್ಟರೆ ಮಾತ್ರ ವಿನಾಯಿತಿ. ಇಂದಿನ ಚಿತ್ರ ಅಳಿಯುವುದಿಲ್ಲ. ಅವಳು ಬೆಳೆದು ಮದುವೆಯಾಗಿ ಉಪಾಧ್ಯಾಯಿನಿಯಾದ ಮೇಲೂ ಅದು ಎಲ್ಲಿಯೋ ಅವಳನ್ನು ಅನಾಥೆಯೆಂದು ಕರೆಯುತ್ತಲೇ ಇರುತ್ತದೆ.

ಇದೇ ಸಾಧನಗಳನ್ನು ಇನ್ನೊಂದು ರೀತಿಯಲ್ಲಿಯೂ ಬಳಸಬಹುದು. ಅದಕ್ಕೆ ಹಿಂದಿನ ಮಿಶನರಿಗಳಲ್ಲಿಯೇ ನಿದರ್ಶನವಿದೆ. ಮಂಗಳೂರಿನ ಹರ್ಮನ್ ಮೋಗ್ಲಿಂಗನು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದುದಷ್ಟೇ ಅಲ್ಲದೆ, ತನ್ನ ಮತದವರಲ್ಲದ ದಾಸರ ಪದಗಳನ್ನು ಕೂಡಿಸಿ 1850ರಲ್ಲಿ ಅಚ್ಚುಹಾಕಿಸಿದನು. ಸಂತಾಲರ ನಾಡಿನ ಬೇನಾಗಡಿಯಾದಲ್ಲಿ ನಾರ್ವೆ ದೇಶದ ಸ್ಕ್ರೆಫ್ಸ್‌ರೂಡನು ಕೋಲೆಯಾನ್ ಎಂಬ ವೃದ್ಧಗುರುವಿನ ಬಾಯಿಂದ ಆ ಜನರ ಪೂರ್ವಿಕರ ಕಥೆಯನ್ನೂ ಆಚಾರಗಳನ್ನೂ ಬರೆದುಕೊಂಡನು. 1887ರಲ್ಲಿ ಅದು ಸಂತಾಲಿಯಲ್ಲಿಯೇ ಅಚ್ಚಾಯಿತು. ಇವರು ಬಂದ ಉದ್ದೇಶ ಬೇರೆಯಿದ್ದಿರಬಹುದು. ಆದರೆ ಅಚ್ಚಿನ ಯಂತ್ರವು ಅಲ್ಲಿ ಎದುರಿನವರ ಮಾತನ್ನು ಕೇಳುವ ಕಿವಿಯಾಯಿತು. ಧ್ವನಿಮುದ್ರಣದ ಯಂತ್ರವನ್ನು ಹುಡುಗಿಯ ಮುಂದಿಟ್ಟು ‘ಇದನ್ನು ಹಾಡು’ ಎನ್ನುವುದು ಒಂದು. ಅವಳ ಕೈಗೆ ಕೊಟ್ಟು ‘ನಿನ್ನೂರಿಗೆ ಹೋಗಿ ನಿನ್ನ ಅಜ್ಜಿಯ ಹಾಡನ್ನು ತಾ’ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಅವಳು ಸಾಧನ, ಎರಡನೆಯದರಲ್ಲಿ ಯಜಮಾನಿ.

ಇಷ್ಟನ್ನು ವಿಚಾರಿಸಿದ ಮೇಲೆ ಸಿದ್ಧಾಂತಕ್ಕೆ ಬರಬಹುದು. ಯಾವ ಆಶ್ರಯಸ್ಥಾನವೇ ಆಗಲಿ, ಮಿಶನ್ನಿನದೋ ಮಠದ್ದೋ ಸರಕಾರದ ಆಶ್ರಮಶಾಲೆಯೋ, ಅದರ ದಾನ ಶುದ್ಧವೆ ಎಂದು ಅರಿಯಲು ಮೂರು ಪ್ರಶ್ನೆಗಳು ಸಾಕು. ಹಾಡಲಾರೆನೆಂದ ಹುಡುಗಿಗೆ ಆ ರಾತ್ರಿ ಅದೇ ಅನ್ನ, ಅದೇ ಮುಖಪ್ರಸನ್ನತೆ ದೊರೆಯುವುದೆ? ತಾಯಿಯ ಮನೆಯ ಹಾಡನ್ನೂ ತನ್ನ ಜನರ ದೇವರ ಹೆಸರನ್ನೂ ಅವಳು ಅಲ್ಲಿ ನಾಚಿಕೆಯಿಲ್ಲದೆ ಎತ್ತಬಹುದೆ? ಒಂದು ದಿನ ಎಲ್ಲವನ್ನೂ ಬಿಟ್ಟು ಹೊರಟರೆ, ಕೃತಘ್ನೆಯೆಂಬ ಹೆಸರನ್ನು ಹೊರದೆ ಹೋಗಬಹುದೆ? ಈ ಮೂರಕ್ಕೂ ಹೌದೆನ್ನುವ ಮನೆಯಲ್ಲಿ ಕಲಿತ ಹಾಡು ಯಾವ ಮತದ್ದಾದರೂ ಅವಳದೇ. ಒಂದಕ್ಕಾದರೂ ಅಲ್ಲವೆನ್ನುವ ಮನೆ, ಎಷ್ಟೇ ಕರುಣೆಯದಾಗಲಿ, ಬೋಯಿಯ ಒಡೆಯನ ಮನೆಗೆ ನೆರೆಮನೆ.

‘ಉಂಡ ಮನೆಗೆ ಎರಡು ಬಗೆಯಬೇಡ’ ಎಂಬುದು ಕನ್ನಡಿಗರ ಗಾದೆ. ಕೃತಜ್ಞತೆ ದೊಡ್ಡ ಗುಣವೇ. ಆದರೆ ಅದು ಉಂಡವರು ತಾವಾಗಿ ಸಲ್ಲಿಸತಕ್ಕದ್ದು, ಉಣಿಸಿದವರು ವಸೂಲುಮಾಡತಕ್ಕದ್ದಲ್ಲ. ಗಾದೆಯನ್ನು ಉಂಡವಳು ನೆನೆದರೆ ಧರ್ಮ. ಬಡಿಸಿದವರು ನೆನಪಿಸಿದರೆ ಅದೇ ಸಂಕೋಲೆ.

ಕೊನೆಗೆ ಈ ಅಳತೆಗೋಲು ವಿದ್ಯಾವಂತರ ಮನೆಗಳ ಹೊಸ್ತಿಲಿಗೂ ಬರದೆ ಇರದು. ದೂರದ ಬೆಟ್ಟದ ಮಿಶನ್ನನ್ನು ತೂಗುವುದು ಸುಲಭ. ಹಳ್ಳಿಯಿಂದ ಕರೆತಂದ ಹುಡುಗಿ ಅನೇಕ ಮನೆಗಳ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ‘ಮನೆಯ ಮಗಳಂತೆ ನೋಡಿಕೊಂಡಿದ್ದೇವೆ’ ಎಂದು ಯಜಮಾನಿತಿ ಹೇಳುತ್ತಾಳೆ, ಸುಳ್ಳೆಂದು ಹೇಳಲಾಗದು. ಆದರೆ ಮಗಳಂತಿರುವವಳಿಗೆ ಶಾಲೆಯುಂಟೆ? ಬೇಡವೆನಿಸಿದಾಗ ಹೊರಡುವ ದಾರಿಯ ಖರ್ಚುಂಟೆ? ಅವಳು ಒಬ್ಬಳೇ ಇರುವಾಗ ಮೆಲ್ಲನೆ ಗುನುಗುವ ಹಾಡು ಯಾವ ಊರಿನದೆಂದು ಆ ಮನೆಯಲ್ಲಿ ಯಾರಾದರೂ ಒಮ್ಮೆ ಕೇಳಿದ್ದಾರೆಯೆ? ಮಿಶನ್ನಿನವರು ಹಾಡು ಕಲಿಸಿ ತಪ್ಪುಮಾಡಿದರೋ ಎಂದು ವಿಚಾರಿಸುವ ಮುನ್ನ, ಅವಳ ಹಾಡನ್ನು ಕೇಳಿಸಿಕೊಳ್ಳದೆ ಇದ್ದುದಕ್ಕೆ ಉತ್ತರ ಹೇಳಬೇಕಾದವರು ಹತ್ತಿರದಲ್ಲಿಯೇ ಇದ್ದಾರೆ.